ಬಿಲ್ಲು ಬಂತು, ಚೆಕ್ಕು ಬರಲಿಲ್ಲ

ಕಲಘಟಗಿ ತಾಲೂಕಿನಿಂದ ಒಬ್ಬ ವೀಕ್ಷಕರು ಫೋನ್ ಮಾಡಿದ್ದರು. ಕಾರ್ಯಕ್ರಮ ಮುಗಿದು ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ಆವತ್ತು ಪಶ್ಚಿಮಘಟ್ಟದ ಬಗ್ಗೆ ಒಂದು ಗಂಟೆ ಚರ್ಚೆ ಮಾಡಿದ್ವಿ. ಮೂವರು ತಜ್ಞರು, ಒಬ್ಬ ಮಾಜಿ ಸಚಿವರು, ಎಂದಿನಂತೆ ಒಂದಷ್ಟು ಕೂಗಾಟ. ಫೋನಿನಲ್ಲಿದ್ದ ಹಿರಿಯರು ಮಾತ್ರ ಕೂಗಲಿಲ್ಲ.

"ಸಾಹೇಬ್ರ, ಎಲ್ಲಾರೂ ಕಾಡು ಉಳೀಬೇಕು ಅಂದ್ರಿ. ಛಲೋ ಆತು. ನನ್ನ ಹೊಲದ ಹಿಂದ ಎರಡು ಎಕರೆ ಗುಡ್ಡದ ಸೆರಗು ಐತಿ. ಮತ್ತಿ, ಹೊನ್ನಿ, ಸಾಗವಾನಿ ಅದಾವು. ನಮ್ಮಜ್ಜ ಕಡೀಲಿಲ್ಲ, ನಮ್ಮಪ್ಪ ಕಡೀಲಿಲ್ಲ. ಈಗ ಮಗಳ ಮದುವಿ ಬಂದೈತಿ. ನಾಕು ಗಿಡ ಕಡೀತೀನಿ ಅಂದ್ರ ಹತ್ತು ಕಾಗದ ಕೇಳ್ತಾರ. ಹೊಲ ನಂದು, ಉತಾರ ನನ್ನ ಹೆಸರಿಲೆ ಐತಿ. ಹಂಗಾದ್ರ ಈ ಗಿಡದ ನೆರಳು ಯಾರ್ದ್ರಿ?"

ಒಂದು ಗಂಟೆ ಕಾಲ ಎಲ್ಲರಿಗೂ ಪ್ರಶ್ನೆ ಕೇಳಿದ್ದ ನನಗೆ ಆ ಒಂದು ಪ್ರಶ್ನೆಗೆ ಉತ್ತರ ಹೊಳೀಲಿಲ್ಲ. "ನೋಡ್ತೀನ್ರಿ ಯಜಮಾನ್ರ" ಅಂತ ಹೇಳಿ ಫೋನ್ ಇಟ್ಟೆ. ನಾವು ಟಿವಿಯವರು "ನೋಡ್ತೀನಿ" ಅಂದ್ರೆ ಏನರ್ಥ ಅಂತ ನಿಮಗೆ ಗೊತ್ತೇ ಇದೆ. ಆದರೆ ಈ ಸಲ ನಿಜವಾಗಿಯೂ ನೋಡಿದೆ.

ಉತ್ತರ ಹುಡುಕುತ್ತಾ ನಾನು ಮೊದಲು ಹೋಗಿದ್ದು ಕಲಘಟಗಿಗಲ್ಲ. ಅದೇ ಧಾರವಾಡ ಜಿಲ್ಲೆಯ ಇನ್ನೊಂದು ತುದಿಗೆ, ನವಲಗುಂದಕ್ಕೆ. ಕಾಡಿನ ಪ್ರಶ್ನೆ ಹಿಡ್ಕೊಂಡು ನವಲಗುಂದಕ್ಕೆ ಹೋದವನು ನಾನೊಬ್ಬನೇ ಇರಬೇಕು. ಅಲ್ಲಿ ಕಾಡೇ ಇಲ್ಲ. ಕಣ್ಣು ಹಾಯಿಸಿದಷ್ಟೂ ಎರೆ ಹೊಲ, ಕಡಲೆ, ಜೋಳ, ಹತ್ತಿ, ನಡುನಡುವೆ ಒಂದೊಂದು ಜಾಲಿ. ಆದರೆ ಈ ರಾಜ್ಯದಲ್ಲಿ ಒಬ್ಬ ರೈತನ ಜಮೀನಿನ ಬೆಲೆ ಏರಿದ್ದು ಯಾರಿಂದ, ಆ ಏರಿಕೆಯಲ್ಲಿ ಯಾರಿಗೆಷ್ಟು ಪಾಲು ಅನ್ನೋ ಲೆಕ್ಕ ರಕ್ತದಲ್ಲಿ ಬರೆದಿದ್ದು ಅಲ್ಲೇ.

1980ರ ಜುಲೈ 21. ನಿಮ್ಮಲ್ಲಿ ಅನೇಕರು ಆಗ ಹುಟ್ಟಿರಲಿಕ್ಕಿಲ್ಲ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ಕಾಲುವೆ ತೆಗೆದು, ನವಲಗುಂದ-ನರಗುಂದದ ಎರೆ ಭೂಮಿಗೆ ನೀರು ಬಿಟ್ಟು ಕೆಲವೇ ವರ್ಷ ಆಗಿತ್ತು. ನೀರು ಬಂತು ಅಂದಮೇಲೆ ಜಮೀನಿನ ಬೆಲೆ ಏರಿತು ತಾನೇ? ಏರಿದ್ದು ಸರ್ಕಾರದ ಖರ್ಚಿನಿಂದ ತಾನೇ? ಹಾಗಾದರೆ ಏರಿದ ಬೆಲೆಯಲ್ಲಿ ನಮಗೊಂದು ಪಾಲು ಕೊಡಿ ಅಂತ ಸರ್ಕಾರ ಕೇಳಿತು. ಇದಕ್ಕೆ 1957ರದೊಂದು ಕಾಯ್ದೆಯೂ ಇತ್ತು. ಅದರ ಹೆಸರು ಬೆಟರ್‌ಮೆಂಟ್ ಲೆವಿ, ಕನ್ನಡದಲ್ಲಿ ಅಭಿವೃದ್ಧಿ ಕರ. ನೀರಿನ ಕರ ಬೇರೆ, ಇದು ಬೇರೆ. ಕಂದಾಯ ಇನ್ನೂ ಬೇರೆ.

ಪುಸ್ತಕದಲ್ಲಿ ಓದಿದರೆ ಈ ತರ್ಕದಲ್ಲಿ ತಪ್ಪೇನೂ ಕಾಣಲ್ಲ. ತಪ್ಪು ಇದ್ದದ್ದು ಹೊಲದಲ್ಲಿ. ಕಾಲುವೆ ನಕ್ಷೆಯಲ್ಲಿದ್ದ ಎಷ್ಟೋ ಹೊಲಕ್ಕೆ ನೀರು ಮುಟ್ಟಿರಲೇ ಇಲ್ಲ. ಮುಟ್ಟಿದ ಕಡೆ ಕೆಲವು ಹೊಲ ಸವಳು-ಜವಳು ಹಿಡಿದವು. ಎರೆ ಮಣ್ಣು ನೀರು ಕುಡಿದರೆ ಬಿಡಲ್ಲ, ಗೊತ್ತಲ್ಲ. ಹತ್ತಿ ದರ ಬಿದ್ದಿತ್ತು. ಅಂಥ ಹೊತ್ತಿನಲ್ಲಿ "ನಿನ್ನ ಜಮೀನು ಸುಧಾರಿಸಿದೆ, ಬಾಕಿ ಕಟ್ಟು" ಅಂತ ನೋಟಿಸು ಬಂತು. ರೈತರು ಕರ ಕಟ್ಟೋದಿಲ್ಲ ಅಂದರು. ತಿಂಗಳುಗಟ್ಟಲೆ ಅರ್ಜಿ, ಸಭೆ, ಧರಣಿ. ಜುಲೈ 21ರಂದು ಗೋಲಿಬಾರ್ ಆಯ್ತು. ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಸತ್ತರು. ಪಕ್ಕದ ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಸತ್ತರು. ರೊಚ್ಚಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಅವರೂ ಯಾರದೋ ಮನೆಯ ಮಕ್ಕಳೇ, ಆ ಮಾತನ್ನ ನಾವು ಹುತಾತ್ಮ ದಿನದ ಭಾಷಣಗಳಲ್ಲಿ ನುಂಗಿಬಿಡ್ತೀವಿ.

ಆಮೇಲಿನದ್ದು ನಿಮಗೆ ಗೊತ್ತು. ಬಂಡಾಯ ರಾಜ್ಯಕ್ಕೆಲ್ಲ ಹಬ್ಬಿತು. ಅದೇ ವರ್ಷ ರುದ್ರಪ್ಪ, ಸುಂದರೇಶ್, ನಂಜುಂಡಸ್ವಾಮಿಯವರ ರಾಜ್ಯ ರೈತ ಸಂಘ ಹುಟ್ಟಿತು. ಬೆಟರ್‌ಮೆಂಟ್ ವಸೂಲಿಯಿಂದ ಸರ್ಕಾರ ಹಿಂದೆ ಸರಿಯಬೇಕಾಯ್ತು. 1983ರ ಜನವರಿಯಲ್ಲಿ ಗುಂಡೂರಾವ್ ಅವರ ಸರ್ಕಾರವೇ ಹೋಯ್ತು. ಇವತ್ತಿಗೂ ಜುಲೈ 21 ಬಂದರೆ ಎಲ್ಲ ಪಕ್ಷದವರೂ ನವಲಗುಂದಕ್ಕೆ ಹೋಗಿ ವೀರಗಲ್ಲಿಗೆ ಹಾರ ಹಾಕ್ತಾರೆ. ನಾವೂ ಕ್ಯಾಮೆರಾ ತಗೊಂಡು ಹೋಗ್ತೀವಿ.

ಆದರೆ ಆ ಗಲಾಟೆಯಲ್ಲಿ ಒಂದು ಪ್ರಶ್ನೆಯನ್ನ ಯಾರೂ ತಿರುಗಿಸಿ ಕೇಳಲಿಲ್ಲ. ಸರ್ಕಾರದ ಕೆಲಸದಿಂದ ನನ್ನ ಜಮೀನಿನ ಬೆಲೆ ಏರಿದರೆ ಅದು ಸರ್ಕಾರಕ್ಕೆ ಸಲ್ಲಬೇಕಾದ ಬಾಕಿ. ಒಪ್ಪೋಣ. ಸರ್ಕಾರದ ಆದೇಶದಿಂದ ನನ್ನ ಜಮೀನಿನ ಬೆಲೆ ಇಳಿದರೆ? ಅದು ಯಾರ ಬಾಕಿ?

ಬೆಟರ್‌ಮೆಂಟ್ ಅನ್ನೋ ಪದ ಬಂದಿದ್ದು ಇಂಗ್ಲೆಂಡಿನಿಂದ. ಅಲ್ಲಿ ಅದು ಒಂಟಿ ಪದ ಅಲ್ಲ, ಜೋಡಿ ಪದ. ಒಂದು ಕಡೆ ಬೆಟರ್‌ಮೆಂಟ್, ಇನ್ನೊಂದು ಕಡೆ ಪರಿಹಾರ. ಎರಡನೇ ಮಹಾಯುದ್ಧ ಮುಗಿದ ಮೇಲೆ 1947ರಲ್ಲಿ ಅಲ್ಲಿನ ಲೇಬರ್ ಸರ್ಕಾರ ಒಂದು ಕಾಯ್ದೆ ತಂತು. ಜಮೀನು ನಿಮ್ಮದೇ, ಆದರೆ ಅದರ ಮೇಲೆ ಕಟ್ಟಡ ಕಟ್ಟೋ ಹಕ್ಕು ಇನ್ನುಮುಂದೆ ದೇಶದ್ದು ಅಂತ ಹೇಳಿತು. ಅನುಮತಿ ಸಿಕ್ಕು ಬೆಲೆ ಏರಿದರೆ ಏರಿದ್ದಷ್ಟೂ ಸರ್ಕಾರಕ್ಕೆ. ಹಕ್ಕು ಕಳೆದುಕೊಂಡವರಿಗೆ ಕೊಡಲಿಕ್ಕೆ 30 ಕೋಟಿ ಪೌಂಡ್‌ಗಳ ನಿಧಿಯನ್ನೂ ಅದೇ ಕಾಯ್ದೆಯಲ್ಲಿ ಇಟ್ಟರು. ಆ ಏರ್ಪಾಡು ಆರೇಳು ವರ್ಷವೂ ನಿಲ್ಲಲಿಲ್ಲ, ಮುಂದಿನ ಸರ್ಕಾರ ಬಂದು ಅದನ್ನ ಬಿಚ್ಚಿ ಹಾಕಿತು. ಆದರೂ ಖಾತೆ ಪುಸ್ತಕದಲ್ಲಿ ಜಮಾ, ಖರ್ಚು ಎರಡೂ ಬದಿ ಇತ್ತು. ನಮ್ಮಲ್ಲಿಗೆ ಬರೋವಾಗ ಜಮೆಯ ಬದಿ ಮಾತ್ರ ಹಡಗು ಹತ್ತಿತು.

ಈಗ ಕಲಘಟಗಿಗೆ ಬರೋಣ.

ನವಲಗುಂದ, ಅಣ್ಣಿಗೇರಿ, ಕುಂದಗೋಳ ಬಯಲುಸೀಮೆಯಾದರೆ ಕಲಘಟಗಿ ಮಲೆನಾಡಿನ ಅಂಚು. ದೇವಿಕೊಪ್ಪ ದಾಟಿ ಯಲ್ಲಾಪುರದ ದಾರಿ ಹಿಡಿದರೆ ಎರಡೂ ಕಡೆ ಕಾಡು. ಬೇಡ್ತಿ ಈ ತಾಲೂಕಿನಲ್ಲಿ ಹರಿದೇ ಮುಂದೆ ಗಂಗಾವಳಿಯಾಗಿ ಸಮುದ್ರ ಸೇರೋದು. ಹುಬ್ಬಳ್ಳಿಯ ಜನ ದಶಕಗಳ ಕಾಲ ಕುಡಿದ ನೀರಸಾಗರದ ನೀರು ಇಲ್ಲಿಯದೇ. ಮತ್ತೆ ಕಲಘಟಗಿ ತೊಟ್ಟಿಲು! ಉತ್ತರ ಕರ್ನಾಟಕದಲ್ಲಿ ಅನುಕೂಲಸ್ಥರ ಮನೆಗೆ ಮಗು ಬಂದರೆ ಕಲಘಟಗಿಯ ಬಣ್ಣದ ತೊಟ್ಟಿಲು ಬರಬೇಕಿತ್ತು. ಸಾಗವಾನಿಯ ಊರಲ್ಲದಿದ್ದರೆ ಅಂಥ ಕಸುಬು ಹುಟ್ಟುತ್ತಿತ್ತೇ?

ಈ ತಾಲೂಕಿನ ರೈತನ ಹೊಲದಲ್ಲಿರೋ ಮರದ ಮೇಲೆ ಯಾರ ಕೈ ಎಷ್ಟಿದೆ ಅನ್ನೋದಕ್ಕೆ ನೂರೈವತ್ತು ವರ್ಷದ ಕಥೆಯಿದೆ. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1879ರ ಮುಂಬೈ ಲ್ಯಾಂಡ್ ರೆವಿನ್ಯೂ ಕೋಡ್ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿತು. ಸರ್ವೆ ಮುಗಿದ ಊರುಗಳಲ್ಲಿ ಹೊಲದ ಮರಗಳ ಹಕ್ಕು ರೈತನಿಗೆ ಬಿಟ್ಟುಕೊಟ್ಟಿದ್ದೇವೆ, ಸರ್ಕಾರ ಕಾಯ್ದಿರಿಸಿಕೊಂಡ ಮರಗಳನ್ನ ಹೊರತುಪಡಿಸಿ. ಕಾಯ್ದಿರಿಸಿದ ಮರ ಯಾವುವು? ಬೆಲೆ ಬಾಳೋವು. ಸಾಗವಾನಿ, ಬೀಟೆ, ಶ್ರೀಗಂಧ. ಉಳಿದ ಜಾಲಿ, ಬೇವು, ಬನ್ನಿ ನಿಂದು ತಗೋ ಮಹರಾಯ!

ಅದೇ ವರ್ಷ ಗಡಿಯಾಚೆಯ ಉತ್ತರ ಕನ್ನಡದ ಒಂದು ಮೊಕದ್ದಮೆ ಮುಂಬೈ ಹೈಕೋರ್ಟಿನಲ್ಲಿ ತೀರ್ಮಾನವಾಯ್ತು. ಭಾಸ್ಕರಪ್ಪ ಅನ್ನೋ ಭೂಮಾಲೀಕರು ಜಿಲ್ಲಾ ಕಲೆಕ್ಟರ್ ವಿರುದ್ಧ ಹೂಡಿದ ದಾವೆ ಅದು. ಕಾಡು ನಮ್ಮದು, ತಲೆಮಾರಿನಿಂದ ಅನುಭವಿಸಿಕೊಂಡು ಬಂದಿದ್ದೇವೆ ಅಂತ ಅವರ ವಾದ. ತೀರ್ಪು ಸರ್ಕಾರದ ಕಡೆ ಹೋಯ್ತು. ಕಾನೂನು ಓದೋ ಹುಡುಗರು ಇವತ್ತಿಗೂ ಆ ಕೇಸು ಓದ್ತಾರೆ. ಖಾಸಗಿ ಕಾಡು ಅಂತ ಒಂದು ಇರೋದಕ್ಕೇ ಆಳರಸರು ಸುಲಭವಾಗಿ ಒಪ್ಪುತ್ತಿರಲಿಲ್ಲ ಅಂತ ಇದರಿಂದ ತಿಳೀತದೆ.

ಹಾಗಿದ್ದೂ, ಬ್ರಿಟಿಷರ ಕಾನೂನಿನಲ್ಲೇ ನನಗೊಂದು ಅಚ್ಚರಿ ಕಾದಿತ್ತು. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ಖಾಸಗಿ ಕಾಡಿನ ಬಗ್ಗೆಯೇ ಒಂದು ಅಧ್ಯಾಯ ಇದೆ. ಮಣ್ಣು ಕೊಚ್ಚಿಹೋಗಬಾರದು, ಹೊಳೆ ಬತ್ತಬಾರದು, ಗುಡ್ಡ ಜಾರಬಾರದು ಅನ್ನೋ ಕಾರಣಕ್ಕೆ ಸರ್ಕಾರ ಖಾಸಗಿ ಕಾಡಿನಲ್ಲೂ ಕಡಿಯೋದನ್ನ, ಮೇಯಿಸೋದನ್ನ, ಬೆಂಕಿ ಹಾಕೋದನ್ನ ನಿಷೇಧಿಸಬಹುದು. ಇದು 35ನೇ ಕಲಂ. ಎರಡು ಕಲಂ ಮುಂದೆ ಹೋದರೆ 37 ಸಿಗ್ತದೆ. ಹೀಗೆ ನಿಷೇಧ ಬಿದ್ದ ಕಾಡಿನ ಒಡೆಯ, ನಿಷೇಧ ಬಿದ್ದು ಮೂರು ವರ್ಷ ಆದಮೇಲೆ, ಹನ್ನೆರಡು ವರ್ಷ ಮುಗಿಯೋದರೊಳಗೆ, "ಹಾಗಾದರೆ ನೀವೇ ಇದನ್ನ ಕೊಂಡುಕೊಳ್ಳಿ" ಅಂತ ಸರ್ಕಾರಕ್ಕೆ ಹೇಳಬಹುದು. ಹೇಳಿದರೆ ಸರ್ಕಾರ ಭೂಸ್ವಾಧೀನ ಮಾಡಿ ದುಡ್ಡು ಕೊಡಲೇಬೇಕು.

ನನಗಿದು ಎರಡು ಸಲ ಓದಿದ ಮೇಲೆ ಅರ್ಥ ಆಯ್ತು. ಕೈ ಕಟ್ಟಿಹಾಕಿದರೆ ಕಟ್ಟಿದವನ ಕೊರಳಿಗೇ ಜಮೀನು ಹಾಕೋ ಹಕ್ಕು ರೈತನಿಗೆ ಪರಕೀಯರ ಕಾನೂನಿನಲ್ಲೇ ಇತ್ತು. ಎಷ್ಟು ಜನ ಅದನ್ನ ಬಳಸಿಕೊಂಡರೋ. ನಾನು ಮಾತಾಡಿಸಿದ ಒಬ್ಬ ರೈತನಿಗೂ ಅಂಥದ್ದೊಂದು ಇತ್ತು ಅಂತ ಗೊತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ದಿಕ್ಕು ಬದಲಾಯ್ತು. ಜಮೀನ್ದಾರರು, ಇನಾಮದಾರರು ಕಾಡು ಕಡಿದು ಮಾರಿ ಓಡಿಹೋಗ್ತಾರೆ ಅನ್ನೋ ಭಯ ಎಲ್ಲ ಸರ್ಕಾರಗಳಿಗೂ ಇತ್ತು. ಆ ಭಯ ಸುಳ್ಳೂ ಅಲ್ಲ. 1948ರಲ್ಲಿ ಮುಂಬೈ ಸರ್ಕಾರ ಈ ಅಧ್ಯಾಯವನ್ನ ಇನ್ನಷ್ಟು ಬಿಗಿ ಮಾಡಿತು. 1949ರಲ್ಲಿ ಮದ್ರಾಸ್ ಸರ್ಕಾರ ಖಾಸಗಿ ಕಾಡುಗಳ ರಕ್ಷಣೆಗೇ ಒಂದು ಕಾಯ್ದೆ ಮಾಡಿತು. ದಕ್ಷಿಣ ಕನ್ನಡ, ಕಾಸರಗೋಡು ಆಗ ಮದ್ರಾಸಿನಲ್ಲಿದ್ದವು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯ್ತು, ಧಾರವಾಡ ಮೈಸೂರಿಗೆ ಬಂತು. ಆ ಗಡಿ ಗೆರೆ ಮರಗಳ ಹಣೆಬರಹವನ್ನೂ ಬರೆಯಿತು. 1971ರಲ್ಲಿ ಕೇರಳ ತನ್ನ ಖಾಸಗಿ ಕಾಡುಗಳನ್ನ ಒಂದೇ ಏಟಿಗೆ ಸರ್ಕಾರದ್ದು ಅಂದುಬಿಟ್ಟಿತು, ಪರಿಹಾರ ಒಂದು ಪೈಸೆಯೂ ಇಲ್ಲದೆ. 1973ರಲ್ಲಿ ಸುಪ್ರೀಂ ಕೋರ್ಟು ಅದನ್ನ ಭೂಸುಧಾರಣೆಯ ಭಾಗ ಅಂತ ಎತ್ತಿಹಿಡಿಯಿತು. 1975ರ ಆಗಸ್ಟ್ 30ರಂದು ಮಹಾರಾಷ್ಟ್ರವೂ ತನ್ನ ಖಾಸಗಿ ಕಾಡುಗಳನ್ನ ವಹಿಸಿಕೊಂಡಿತು. ಎಷ್ಟೋ ವರ್ಷದ ಹಳೇ ನೋಟಿಸಿನ ಆಧಾರದ ಮೇಲೆ ಮುಂಬೈನ ಮುಲುಂಡಿನಲ್ಲಿ ಫ್ಲಾಟು ಕೊಂಡವರ ಮನೆಗಳೂ ಕಾಗದದ ಮೇಲೆ ಕಾಡಾದವು. 2014ರಲ್ಲಿ ಸುಪ್ರೀಂ ಕೋರ್ಟು ಗೋದ್ರೆಜ್ ಪ್ರಕರಣದಲ್ಲಿ ಅದನ್ನ ಬಿಡಿಸಬೇಕಾಯ್ತು. ಧಾರವಾಡ 19 ವರ್ಷ ಮೊದಲೇ ಮುಂಬೈಯಿಂದ ಹೊರಬಂದಿದ್ದರಿಂದ ನಮಗೆ ಆ ಏಟು ತಪ್ಪಿತು.

ನಮ್ಮಲ್ಲಿ ಕಸಿದುಕೊಳ್ಳಲಿಲ್ಲ. ಬರೀ ಕೈ ಕಟ್ಟಿದರು.

ಶ್ರೀಗಂಧದ ಕಥೆ ಕೇಳಿ. ಮೈಸೂರಿನಲ್ಲಿ ಟಿಪ್ಪು ಕಾಲದಿಂದ ಅದು ರಾಜವೃಕ್ಷ. 1963ರ ಕರ್ನಾಟಕ ಅರಣ್ಯ ಕಾಯ್ದೆ ಬಂದ ಮೇಲೂ ನಿಮ್ಮ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡ ನಿಮ್ಮದಲ್ಲ. ಕಾಯೋ ಹೊಣೆ ನಿಮ್ಮದು. ಸರ್ಕಾರ ಕಡಿದು ಒಯ್ದರೆ ನಿಮಗೊಂದು ಪಾಲು. ಕಳ್ಳ ಕಡಿದು ಒಯ್ದರೆ ನಿಮಗೊಂದು ವಿಚಾರಣೆ. ನಮ್ಮ ಮನೆಯಲ್ಲಿ ನಡೆದದ್ದು ಹೇಳ್ತೀನಿ. ನಾನಾಗ ಐದನೇ ಇಯತ್ತೆ ಇರಬೇಕು. ಬದುವಿನ ಮೇಲೆ ಒಂದು ಪುಟ್ಟ ಗಂಧದ ಸಸಿ. ಕೆಂಪು ಚಿಗುರು, ಮೊಳಕಾಲಿನಷ್ಟು ಎತ್ತರ. ಮಾಸ್ತರು ಶಾಲೆಯಲ್ಲಿ ಗಂಧದ ನಾಡು ಅಂತ ಪಾಠ ಮಾಡಿದ್ದರು, ನಾನು ಓಡಿ ಬಂದು ಅಪ್ಪನಿಗೆ ತೋರಿಸಿದೆ. ಅಪ್ಪ ನಾಲ್ಕೂ ಕಡೆ ನೋಡಿದ. ಬಗ್ಗಿ ಬೇರುಸಹಿತ ಕಿತ್ತ. ಒಲೆಗೆ ಹಾಕಿದ. "ಇದು ಬೆಳೆದ್ರ ನಾ ದಿನಾ ರಾತ್ರಿ ನಿದ್ದಿಗೆಡಬೇಕು. ನಿನಗ ಗೊತ್ತಾಗೂದಿಲ್ಲ" ಅಂದ. ಊರ ಪಕ್ಕದ ಒಬ್ಬರನ್ನ ಕಳವಾದ ಗಂಧದ ಮರದ ವಿಚಾರಣೆಗೆ ಮೂರು ದಿನ ಕಚೇರಿಗೆ ಅಲೆದಾಡಿಸಿದ್ದರು ಅನ್ನೋದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಅಪ್ಪ ಕಾಡಿನ ವೈರಿ ಅಲ್ಲ. ಬೇವಿನ ಗಿಡಕ್ಕೆ ಕೊಡ್ಲಿ ಹಾಕಿದವನಲ್ಲ. ಆದರೆ ಗಂಧದ ಸಸಿ ಕಂಡರೆ ಅವನಿಗೆ ಹಾವು ಕಂಡಂಗೆ. ಒಂದು ಕಾನೂನು ಒಳ್ಳೇ ಮನುಷ್ಯನನ್ನ ಹಾಗೆ ಮಾಡಬಹುದು. 2001ರ ತಿದ್ದುಪಡಿಯಲ್ಲಿ ಕೊನೆಗೂ ಗಂಧದ ಮರ ಬೆಳೆದವನದೇ ಅಂತ ಒಪ್ಪಿಕೊಂಡರು. ಆಮೇಲೆ ನೋಡಿ, ಅದೇ ರೈತರು ಸಾಲು ಸಾಲು ಗಂಧ ನೆಟ್ಟು, ಬೇಲಿ ಹಾಕಿ, ನಾಯಿ ಕಟ್ಟಿ ಕಾಯ್ತಿದ್ದಾರೆ.

1976ರಲ್ಲಿ ಮರ ಸಂರಕ್ಷಣಾ ಕಾಯ್ದೆ ಬಂತು. ಹೊಲದ ಮರ ಕಡಿಯಲಿಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಒಳ್ಳೆಯದೇ. ಆದರೆ ಅದರಲ್ಲೊಂದು ವಿನಾಯಿತಿಯ ಪಟ್ಟಿ ಇದೆ: ನೀಲಗಿರಿ, ಗಾಳಿಮರ, ಸುಬಾಬುಲ್, ಸಿಲ್ವರ್ ಓಕ್ ಇತ್ಯಾದಿ. ಇವಕ್ಕೆ ಯಾರ ಅಪ್ಪಣೆಯೂ ಬೇಡ. ಹಾಗಾದರೆ ಬುದ್ಧಿ ಇರೋ ರೈತ ಏನು ನೆಡ್ತಾನೆ? ಹೊನ್ನೆ ನೆಟ್ಟು ಮೊಮ್ಮಗನ ಕೈಗೆ ಅರ್ಜಿ ಫಾರಂ ಕೊಟ್ಟುಹೋಗ್ತಾನಾ, ನೀಲಗಿರಿ ನೆಟ್ಟು ಏಳೆಂಟು ವರ್ಷಕ್ಕೆ ಲಾರಿ ಕರೆಸ್ತಾನಾ? ನಮ್ಮ ಬಯಲಿಗೆಲ್ಲ ನೀಲಗಿರಿ ಯಾಕೆ ಬಂತು ಅಂತ ಪರಿಸರವಾದಿಗಳು ಕೇಳ್ತಾರೆ. ಕಾರಣ ಹಲವಿವೆ, ಈ ಪಟ್ಟಿಯೂ ಅವುಗಳಲ್ಲೊಂದು.

1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ ಕಾಡು ಅಂದರೇನು ಅನ್ನೋದನ್ನೇ ಬದಲಾಯಿಸಿತು. ನಿಘಂಟಿನಲ್ಲಿ ಯಾವುದಕ್ಕೆ ಕಾಡು ಅಂತಾರೋ ಅದೆಲ್ಲ ಕಾಡು, ಒಡೆಯ ಯಾರೇ ಇರಲಿ. ದೇಶದ ಕಾಡು ಉಳಿದಿದ್ದರೆ ಈ ಆದೇಶಕ್ಕೆ ದೊಡ್ಡ ಪಾಲಿದೆ, ನಾನದನ್ನ ಅಲ್ಲಗಳೆಯಲ್ಲ. ಕರ್ನಾಟಕ ಇದರ ಮೇಲೆ ಡೀಮ್ಡ್ ಅರಣ್ಯ ಅಂತ ಗುರುತಿಸಿದ್ದು ಸುಮಾರು 9.94 ಲಕ್ಷ ಹೆಕ್ಟೇರ್. ಗಲಾಟೆ ಆಗಿ, ಮತ್ತೆ ಅಳೆದು, 2022ರಲ್ಲಿ ಅದು ಸುಮಾರು 3.3 ಲಕ್ಷಕ್ಕೆ ಇಳಿಯಿತು. ನಡುವಿನ ಆರು ಲಕ್ಷ ಚಿಲ್ಲರೆ ಹೆಕ್ಟೇರ್ ಅಷ್ಟು ವರ್ಷ ಕಾಡಾಗಿತ್ತೋ, ಆಗಿರಲಿಲ್ಲವೋ? ಆ ನೆಲದಲ್ಲಿ ಸಾಗುವಳಿ ಮಾಡುತ್ತಿದ್ದವರಿಗೆ ಈ ಪ್ರಶ್ನೆ ಲೆಕ್ಕದ್ದಲ್ಲ, ಬ್ಯಾಂಕ್ ಸಾಲದ್ದು.

ಈಗ ನೀವು ಕೇಳಬಹುದು, ಸಂವಿಧಾನ ಏನು ಹೇಳ್ತದೆ? ಆಸ್ತಿ ಹಕ್ಕು 1979ರಿಂದ ಮೂಲಭೂತ ಹಕ್ಕಲ್ಲ. 300ಎ ವಿಧಿಯಲ್ಲಿ ಒಂದು ಸಾಲಾಗಿ ಉಳಿದಿದೆ. ಆ ಒಂದು ಸಾಲಿನ ಅರ್ಥ ಬಿಡಿಸಿದ ದೊಡ್ಡ ತೀರ್ಪು ನಮ್ಮದೇ ರಾಜ್ಯದ್ದು. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ ನಟಿ ದೇವಿಕಾ ರಾಣಿ ಮತ್ತು ಕಲಾವಿದ ರೋರಿಕ್ ದಂಪತಿಯ ಎಸ್ಟೇಟು ಇದೆಯಲ್ಲ, ಅದನ್ನ ಸರ್ಕಾರ 1996ರಲ್ಲಿ ಕಾಯ್ದೆ ಮಾಡಿ ವಹಿಸಿಕೊಂಡಿತು. ಕೆ.ಟಿ. ಪ್ಲಾಂಟೇಷನ್ ಅನ್ನೋ ಕಂಪನಿ ಕೋರ್ಟಿಗೆ ಹೋಯ್ತು. 2011ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಕಾಯ್ದೆಯನ್ನ ಎತ್ತಿಹಿಡಿಯಿತು, ಆದರೆ ಒಂದು ಮಾತು ಸೇರಿಸಿತು. ಆಸ್ತಿ ಕಸಿದುಕೊಳ್ಳಬೇಕಾದರೆ ಸಾರ್ವಜನಿಕ ಉದ್ದೇಶ ಬೇಕು, ಪರಿಹಾರ ಕೇಳೋ ಹಕ್ಕು ಆ ವಿಧಿಯೊಳಗೇ ಅಡಗಿದೆ, ಏನೂ ಕೊಡಲ್ಲ ಅನ್ನೋದಾದರೆ ಯಾಕೆ ಅಂತ ಸರ್ಕಾರ ಸಮರ್ಥಿಸಿಕೊಳ್ಳಬೇಕು.

ಆದರೆ ಇದು ಕಸಿದುಕೊಂಡಾಗಿನ ಮಾತು. ನಿಮ್ಮ ಎತ್ತನ್ನ ಸರ್ಕಾರ ಹೊಡಕೊಂಡು ಹೋದರೆ ಪರಿಹಾರ ಕೇಳಬಹುದು. ಎತ್ತು ನಿಮ್ಮ ಕೊಟ್ಟಿಗೆಯಲ್ಲೇ ಇರಲಿ, ನೊಗ ಹೂಡಬೇಡ, ಸಂತೆಗೆ ಹೊಡಿಬೇಡ, ಮೇವು-ನೀರು ಮಾತ್ರ ತಪ್ಪಿಸಬೇಡ ಅಂದರೆ? ಕಾನೂನಿನ ಭಾಷೆಯಲ್ಲಿ ಅದು ಬರೀ ನಿಯಂತ್ರಣ. ಅದಕ್ಕೆ ಸಾಮಾನ್ಯವಾಗಿ ಪರಿಹಾರ ಇಲ್ಲ. ಫೋನ್ ಮಾಡಿದ ಯಜಮಾನರ ಎರಡು ಎಕರೆ ಇರೋದು ಸರಿಯಾಗಿ ಈ ಸಂದಿಯಲ್ಲಿ.

ಬಯಲುಸೀಮೆಯವರು ನಮಗೇನು ಅಂದುಕೊಳ್ಳೋದು ಬೇಡ. ಅವರ ಹೊಲದಲ್ಲಿ ಮರದ ಬದಲು ಚಿಗರಿ ಇವೆ. ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸಿಗೆ ಚಿಗರಿ ಅಂತ ಹೆಸರಿಟ್ಟು ಮುದ್ದು ಮಾಡ್ತೀವಿ. ಅಣ್ಣಿಗೇರಿ, ನವಲಗುಂದದ ಎರೆ ಹೊಲದಲ್ಲಿ ಹೆಸರು, ಕಡಲೆ ಆಗಷ್ಟೇ ಮೊಳಕೆ ಒಡೆದಾಗ ಹಿಂಡು ಹಿಂಡಾಗಿ ಬಂದು ಮೇದುಹೋಗೋದು ಇದೇ ಚಿಗರಿ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ ಅದು, ಮುಟ್ಟಿದರೆ ಜೈಲು. ಮುಟ್ಟಬಾರದು ಕೂಡ. ಆದರೆ ಕಾಡಿಲ್ಲದ ತಾಲೂಕಿನಲ್ಲಿ ಅದು ಬದುಕಿರೋದು ಯಾರ ಹುಲ್ಲು ತಿಂದು? ರೈತರ ಖಾಸಗಿ ಹೊಲವೇ ಅಲ್ಲಿ ಅಭಯಾರಣ್ಯ. ಬೆಳೆಹಾನಿಗೆ ಪರಿಹಾರ ಕೇಳಬೇಕಾದರೆ ಫೋಟೊ, ಪಂಚನಾಮೆ, ಅರ್ಜಿ. ಅಷ್ಟು ಹೊತ್ತಿಗೆ ಹಿಂಗಾರಿ ಹಸಿ ಆರಿ ಮರುಬಿತ್ತನೆಯ ಕಾಲವೂ ಮುಗಿದಿರ್ತದೆ.

ಹೊರಗಿನವರು ಇದನ್ನ ಹೇಗೆ ಬಗೆಹರಿಸಿದರು? ಮಧ್ಯ ಅಮೆರಿಕದಲ್ಲಿ ಕೋಸ್ಟರಿಕಾ ಅಂತ ಪುಟ್ಟ ದೇಶ. ದನದ ಮಾಂಸದ ರಫ್ತಿಗಾಗಿ ಕಾಡು ಕಡಿದು ಹುಲ್ಲುಗಾವಲು ಮಾಡಿ, 1980ರ ದಶಕದ ಹೊತ್ತಿಗೆ ಕಾಡನ್ನ ಕಾಲು ಭಾಗದಷ್ಟಕ್ಕೆ ಇಳಿಸಿಕೊಂಡಿತ್ತು. 1996ರಲ್ಲಿ ಒಂದು ಅರಣ್ಯ ಕಾಯ್ದೆ ತಂದರು. ಖಾಸಗಿ ಕಾಡನ್ನ ಬೇರೆ ಉಪಯೋಗಕ್ಕೆ ತಿರುಗಿಸೋದು ಅಪರಾಧ ಅಂತ ಅದರಲ್ಲೇ ಬರೆದರು. ಕಾಡು ಉಳಿಸಿಕೊಂಡ ಒಡೆಯನಿಗೆ ವರ್ಷ ವರ್ಷ ಹಣ ಅಂತಲೂ ಅದರಲ್ಲೇ ಬರೆದರು. ದುಡ್ಡು ಎಲ್ಲಿಂದ? ಪೆಟ್ರೋಲ್-ಡೀಸೆಲ್ ಮೇಲಿನ ತೆರಿಗೆಯ ಒಂದು ಪಾಲಿನಿಂದ. ಹೊಗೆ ಬಿಡೋನು ಕೊಡ್ತಾನೆ, ನೆರಳು ಕಾಯೋನು ತಗೋತಾನೆ. ಈಗ ಅಲ್ಲಿ ಅರ್ಧಕ್ಕಿಂತ ಹೆಚ್ಚು ನೆಲ ಕಾಡು. ಬೀಫ್ ಬೆಲೆ ಕುಸಿದಿದ್ದು, ಪ್ರವಾಸೋದ್ಯಮ ಬೆಳೆದಿದ್ದು ಕೂಡ ಕಾರಣ ಅಂತಾರೆ. ಇರಲಿ.

ನಮ್ಮಲ್ಲಿ ಏನೂ ಇಲ್ಲ ಅಂದರೆ ತಪ್ಪಾಗ್ತದೆ. 2011-12ರಿಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ. ನರ್ಸರಿಯಿಂದ ಸಸಿ ತಂದು ಹೊಲದಲ್ಲಿ ನೆಟ್ಟರೆ, ಬದುಕಿದ ಪ್ರತಿ ಸಸಿಗೂ ಮೂರು ವರ್ಷ ದುಡ್ಡು ಕೊಡ್ತಾರೆ. ಎಲ್ಲ ಸೇರಿ ಗಿಡಕ್ಕೆ ನೂರು, ನೂರಿಪ್ಪತ್ತೈದು ರೂಪಾಯಿ. ಒಳ್ಳೇ ಯೋಜನೆ, ನಾನು ಹೊಗಳಿದ್ದೇನೆ. ಆದರೆ ಅದರ ವಿಚಿತ್ರ ನೋಡಿ. ಗಿಡ ಮೊಳಕಾಲೆತ್ತರ ಇರೋವಾಗ ಸರ್ಕಾರ ಕೈ ಹಿಡೀತದೆ. ಮೂರು ವರ್ಷ ತುಂಬಿದ ಮೇಲೆ ಕೈ ಬಿಡ್ತದೆ. ಮೂವತ್ತು ವರ್ಷ ತುಂಬಿ, ನೀರು ಹಿಡಿದು, ಹಕ್ಕಿ ಸಾಕೋ ಮರ ಆದಾಗ ನೋಟಿಸು ಹಿಡಿದು ವಾಪಸ್ ಬರ್ತದೆ. ಅಜ್ಜನ ಕಾಲದಿಂದ ಉಳಿಸಿಕೊಂಡು ಬಂದವನಿಗೆ ಈ ಯೋಜನೆಯಲ್ಲಿ ಒಂದು ರೂಪಾಯಿಯೂ ಇಲ್ಲ, ಯಾಕೆಂದರೆ ಅವನು ನರ್ಸರಿಯಿಂದ ಸಸಿ ತಂದಿಲ್ಲ.

ಇದಕ್ಕೆ ವಿರೋಧದ ಮಾತೂ ಇದೆ. ಕೊಲೆ ಮಾಡದೇ ಇದ್ದಿದ್ದಕ್ಕೆ ಬಹುಮಾನ ಕೊಡ್ತೀವಾ, ಮರ ಕಡಿಯದೇ ಇರೋದಕ್ಕೆ ಯಾಕೆ ಕೊಡಬೇಕು ಅಂತ ನನ್ನ ಸ್ಟುಡಿಯೋದಲ್ಲೇ ಒಬ್ಬರು ಕೇಳಿದ್ದರು. ಕೇಳಲಿಕ್ಕೆ ಚೆಂದ. ಆದರೆ ನವಲಗುಂದದವನು ಇಡೀ ಹೊಲದ ಮರ ತೆಗೆದು ಹತ್ತಿ ಹಾಕಿದಾಗ ಯಾರೂ ಅವನನ್ನ ಕೊಲೆಗಾರ ಅನ್ನಲಿಲ್ಲ, ಹಸಿರು ಕ್ರಾಂತಿ ಅಂದರು. ಕಡಿದವನಿಗೆ ಬೆಳೆಸಾಲ, ಉಳಿಸಿದವನಿಗೆ ನಿಷೇಧ. ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿ. ಪರಿಹಾರ ಅಂತ ಶುರುವಾದರೆ ಮೊದಲು ಸಾಲಿನಲ್ಲಿ ನಿಲ್ಲೋದು ನೂರಾರು ಎಕರೆ ಎಸ್ಟೇಟಿನವರು, ಅವರ ವಕೀಲರು. ಎರಡು ಎಕರೆ ಯಜಮಾನರಿಗೆ ಫಾರಂ ಸಿಗೋ ಹೊತ್ತಿಗೆ ಹಣ ಖಾಲಿ. ಕಡಿಯೋ ಯೋಚನೆಯೇ ಇರದವರೂ "ಕಡೀತಿದ್ದೆ" ಅಂತ ಅರ್ಜಿ ಹಾಕ್ತಾರೆ. ಈ ಭಯ ನನಗೂ ಇದೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಒಂದೇ ಗಂಟಿನಲ್ಲಿ ಕೊಡೋದು ಬೇಡ, ನಿಂತಿರೋ ಮರಕ್ಕೆ ವರ್ಷಕ್ಕಿಷ್ಟು ಅಂತ ಕೊಡಲಿ, ಸಣ್ಣ ಹಿಡುವಳಿಯಿಂದ ಶುರುವಾಗಲಿ, ಮೇಲಿನ ಮಿತಿ ಇರಲಿ.

ದುಡ್ಡು ಯಾರು ಕೊಡಬೇಕು ಅನ್ನೋದಕ್ಕೆ ನಾನು ಮತ್ತೆ ನವಲಗುಂದಕ್ಕೇ ಬರಬೇಕು. 2015ರಿಂದ ಅಲ್ಲಿನ ರೈತರು ಕಳಸಾ-ಬಂಡೂರಿಗಾಗಿ ಬೀದಿಯಲ್ಲಿ ಕೂತಿದ್ದನ್ನ ನಾನೇ ನೇರ ಪ್ರಸಾರ ಮಾಡಿದ್ದೇನೆ. ಮಲಪ್ರಭೆ ತುಂಬುತ್ತಿಲ್ಲ, ಖಾನಾಪುರದ ಕಾಡಿನಲ್ಲಿ ಹುಟ್ಟೋ ಮಹದಾಯಿಯ ಹಳ್ಳಗಳ ನೀರು ತಿರುಗಿಸಿ ಕೊಡಿ ಅಂತ ಅವರ ಬೇಡಿಕೆ. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕಳಸಾ, ಬಂಡೂರಿ ಎರಡಕ್ಕೂ ಸೇರಿ 3.9 ಟಿಎಂಸಿ ಕೊಟ್ಟಿತು. ಆಮೇಲೆ ಅರಣ್ಯ, ವನ್ಯಜೀವಿ ಅನುಮತಿಯ ಗಂಟು. ಗೋವಾದ ತಕರಾರು. ಅಂದರೆ, 1980ರಲ್ಲಿ ಯಾವ ನೀರಿನಿಂದ ನಿನ್ನ ಜಮೀನಿನ ಬೆಲೆ ಏರಿತು ಅಂತ ಸರ್ಕಾರ ಬಿಲ್ಲು ಕೊಟ್ಟಿತೋ, ಆ ನೀರಿನ ಬೇರು ಇರೋದು ಮೇಲಿನ ಕಾಡಿನಲ್ಲಿ. ಆ ಕಾಡು ಸರ್ಕಾರದ್ದೂ ಇದೆ, ಖಾಸಗಿಯವರದ್ದೂ ಇದೆ. ನವಲಗುಂದದವರಿಗೆ ಅಂದು ಬಿಲ್ಲು ಕೊಟ್ಟವರು ಮೇಲಿನವರಿಗೆ ಒಂದು ಸಲವೂ ಚೆಕ್ಕು ಕೊಡಲಿಲ್ಲ. ಈ ಮಾತನ್ನ ನವಲಗುಂದದ ಒಬ್ಬ ಹಳೇ ಹೋರಾಟಗಾರರ ಮುಂದೆ ಹೇಳಿದೆ. 1980ರಲ್ಲಿ ಲಾಠಿ ಏಟು ತಿಂದವರು. ಸಿಟ್ಟಾಗ್ತಾರೆ ಅಂದುಕೊಂಡಿದ್ದೆ. ಎಲಿ-ಅಡಿಕಿ ಚೀಲ ಬಿಚ್ಚಿ ಸುಣ್ಣ ಹಚ್ಚುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾವು ಕೊಡೂದಿಲ್ಲ ಅಂದಿದ್ದು ಸರ್ಕಾರಕ್ಕ. ಗಿಡ ಕಾಯ್ದವಗ ಕೊಡೂದಿಲ್ಲ ಅಂತ ಯಾವಾಗ ಅಂದೇವಿ? ಯಾರೂ ಕೇಳೇ ಇಲ್ಲಲ್ರಿ" ಅಂದರು.

ಕಲಘಟಗಿಯ ಯಜಮಾನರಿಗೆ ವಾಪಸ್ ಫೋನ್ ಮಾಡಿದೆ. 1927ರ ಕಾಯ್ದೆ, ಕೋಸ್ಟರಿಕಾ, ಸುಪ್ರೀಂ ಕೋರ್ಟು ಎಲ್ಲ ಹೇಳಿದೆ. ತಾಳ್ಮೆಯಿಂದ ಕೇಳಿದರು. ಮಗಳ ಮದುವೆ ಆಗಿತ್ತಂತೆ, ಸೊಸೈಟಿಯಲ್ಲಿ ಸಾಲ ತೆಗೆದು. ಅನುಮತಿಯ ಕಾಗದ ಇನ್ನೂ ಬಂದಿರಲಿಲ್ಲ.

"ಗಿಡ ಹಂಗ ಅದಾವ್ರಿ," ಅಂದರು. "ಬಡ್ಡಿ ನಾ ಕಟ್ಟಾಕತ್ತೀನಿ."